ಹನ್ನೊಂದಕ್ಕೆ ಮೊದಲು ಹತ್ತು ಬರುತ್ತೆ

ಡಿಸೆಂಬರ್ 31ರ ರಾತ್ರಿ ನಮ್ಮ ಎಷ್ಟೋ ಚರ್ಚುಗಳಲ್ಲಿ ಹೊಸ ವರ್ಷವನ್ನು ಪ್ರಾರ್ಥನೆಯಲ್ಲೇ ಬರಮಾಡಿಕೊಳ್ಳೋದು ರೂಢಿ. ಹನ್ನೆರಡು ಹೊಡೆದು, ಎಲ್ಲರೂ ಒಬ್ಬರಿಗೊಬ್ಬರು ಕೈ ಕುಲುಕಿ ಮುಗಿದ ಮೇಲೆ ಒಂದು ತಟ್ಟೆ ಬರುತ್ತೆ. ಅದರಲ್ಲಿ ಸುರುಳಿ ಸುತ್ತಿದ ಚೀಟಿಗಳು, ಇಲ್ಲಾ ಬಣ್ಣ ಬಣ್ಣದ ಪುಟ್ಟ ಕಾರ್ಡುಗಳು. ಒಂದೊಂದರ ಮೇಲೂ ಬೈಬಲ್ಲಿನ ಒಂದೊಂದು ವಚನ. (ಶರಣರ ವಚನ ಅಲ್ಲ ಸ್ವಾಮಿ, ಬೈಬಲ್ಲಿನ ಅಧ್ಯಾಯದೊಳಗೆ ನಂಬರ್ ಹಾಕಿರೋ ಪ್ರತಿ ತುಣುಕಿಗೂ ನಮ್ಮಲ್ಲಿ ವಚನ ಅಂತಾರೆ.) ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಅದು ಆ ವರ್ಷಕ್ಕೆ ನಿಮಗೆ ಸಿಕ್ಕ ವಾಗ್ದಾನ. ಕೆಲವರು ಫ್ರಿಜ್ ಮೇಲೆ ಅಂಟಿಸ್ತಾರೆ, ಕೆಲವರು ಬೈಬಲ್ ಒಳಗೆ ಇಟ್ಕೋತಾರೆ, ಈಗೀಗ ವಾಟ್ಸಾಪ್ ಸ್ಟೇಟಸ್ಸಿಗೂ ಏರುತ್ತೆ.

ತಟ್ಟೆಯಲ್ಲಿರೋ ಎಲ್ಲಾ ಚೀಟಿಯಲ್ಲೂ ಒಳ್ಳೇದೇ ಇರುತ್ತೆ. ಬೈಬಲ್ಲಿನಲ್ಲಿ ಬೈಗುಳ, ಎಚ್ಚರಿಕೆ, ಅಳು ಎಲ್ಲಾ ಧಾರಾಳವಾಗಿದ್ರೂ ಅಂಥ ಚೀಟಿ ಯಾರಿಗೂ ಬಂದದ್ದನ್ನು ನಾನಂತೂ ಕಂಡಿಲ್ಲ :)

ಈ ಪದ್ಧತಿಯನ್ನು ಗೇಲಿ ಮಾಡೋಕೆ ಈ ಪೋಸ್ಟ್ ಬರೀತಿಲ್ಲ. ವರ್ಷದ ಮೊದಲ ಗಂಟೆಯಲ್ಲಿ ಒಂದು ಒಳ್ಳೆ ಮಾತು ಕಿವಿಗೆ ಬೀಳಲಿ ಅನ್ನೋ ಆಸೆ ಯಾರಿಗಿಲ್ಲ ಹೇಳಿ. ನನ್ನ ತಕರಾರು ಇಷ್ಟೇ. ಆ ಚೀಟಿ ಓದೋ ರೀತಿಯಲ್ಲೇ ನಾವು ಇಡೀ ಬೈಬಲ್ಲನ್ನು ಓದೋಕೆ ಶುರು ಮಾಡಿದ್ದೀವಿ. ಅದರಿಂದ ನಂಬಿಕೆ ಗಟ್ಟಿಯಾಗೋ ಬದಲು ಟೊಳ್ಳಾಗ್ತಿದೆ. ಸುಖದ ದಿನಗಳಲ್ಲಿ ಇದು ಗೊತ್ತಾಗಲ್ಲ. ಕಷ್ಟ ಬಂದಾಗ ಗೊತ್ತಾಗುತ್ತೆ.

ಒಂದು ಉದಾಹರಣೆ ತಗೊಂಡು ಹೇಳ್ತೀನಿ.

ಚೀಟಿಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಕಾಫಿ ಮಗ್ಗುಗಳಲ್ಲಿ ಅತಿ ಹೆಚ್ಚು ಕಾಣೋ ವಚನಗಳಲ್ಲಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೆಯದೂ ಒಂದು. ದೇವರು ನಿಮಗೆ ಕೇಡನ್ನು ಬಯಸೋನಲ್ಲ, ಹಿತವನ್ನೇ ಯೋಚಿಸಿದ್ದಾನೆ, ಮುಂದೆ ಒಳ್ಳೆ ದಿನ ಇದೆ ಅನ್ನೋದು ಅದರ ತಾತ್ಪರ್ಯ. ಪರೀಕ್ಷೆಗೆ ಹೋಗೋ ಮಕ್ಕಳಿಗೆ, ವೀಸಾ ಇಂಟರ್‌ವ್ಯೂಗೆ ನಿಂತವರಿಗೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ ಎಲ್ಲರಿಗೂ ಇದೇ ವಚನ. ಆದರೆ ಅದಕ್ಕೆ ಮುಂಚೆ 10ನೇ ವಚನ ಒಂದಿದೆಯಲ್ಲ? ಅದನ್ನು ಯಾರೂ ಕಾರ್ಡಿನ ಮೇಲೆ ಅಚ್ಚು ಹಾಕಿಸಲ್ಲ. ಯಾಕೆ ಅಂದ್ರೆ ಅದು ಹೇಳೋದು, ಈ ಒಳ್ಳೆ ದಿನ ಬರೋದು ಎಪ್ಪತ್ತು ವರ್ಷ ಆದ ಮೇಲೆ ಅಂತ!

ಹಿನ್ನೆಲೆ ಇದು. ಕ್ರಿ.ಪೂ. 597ರಲ್ಲಿ ಬಾಬೆಲಿನ ದೊರೆ ನೆಬೂಕದ್ನೆಚ್ಚರ ಯೆರೂಸಲೇಮಿನ ಮೇಲೆ ಬಿದ್ದು ಅಲ್ಲಿಯ ಅರಸ, ಅಧಿಕಾರಿಗಳು, ಕಮ್ಮಾರರು, ಕುಶಲಕರ್ಮಿಗಳನ್ನು ಸೆರೆ ಹಿಡಿದು ತನ್ನ ಊರಿಗೆ ಒಯ್ದ. ಹಾಗೆ ಒಯ್ಯಲ್ಪಟ್ಟ ಜನಕ್ಕೆ ಯೆರೂಸಲೇಮಿನಲ್ಲೇ ಉಳಿದಿದ್ದ ಯೆರೆಮೀಯ ಒಂದು ಕಾಗದ ಬರೆದು ಕಳಿಸಿದ. 29ನೇ ಅಧ್ಯಾಯದ ಬಹುಪಾಲು ಆ ಕಾಗದವೇ. ಪ್ರವಾದಿ ಅಂದಮೇಲೆ ಗುಡುಗು ಸಿಡಿಲಿನ ಮಾತು ಇರುತ್ತೆ ಅಂದ್ಕೊಂಡ್ರೆ ಅಲ್ಲಿರೋದು ಬೇರೇನೇ. ಮನೆ ಕಟ್ಟಿಕೊಳ್ಳಿ, ಅಲ್ಲೇ ವಾಸ ಮಾಡಿ. ತೋಟ ಮಾಡಿ, ಅದರ ಫಲ ಉಣ್ಣಿ. ಮದುವೆ ಮಾಡ್ಕೊಳ್ಳಿ, ಮಕ್ಕಳಿಗೂ ಮದುವೆ ಮಾಡಿಸಿ. ನಿಮ್ಮನ್ನು ಸೆರೆ ಒಯ್ದ ಆ ಊರಿನ ಕ್ಷೇಮಕ್ಕಾಗಿ ದುಡೀರಿ, ಅದಕ್ಕಾಗಿ ಪ್ರಾರ್ಥನೆ ಮಾಡಿ, ಅದು ಚೆನ್ನಾಗಿದ್ರೆ ನೀವೂ ಚೆನ್ನಾಗಿರ್ತೀರಿ. ಇದು ಆ ಕಾಗದದ ಸಾರ. 11ನೇ ವಚನ ಬರೋದು ಇದೆಲ್ಲ ಹೇಳಿದ ಮೇಲೆ.

ಬಾಬೆಲ್ ಪರ್ಷಿಯಾದ ಸೈರಸ್ ದೊರೆಯ ಕೈಗೆ ಬಿದ್ದದ್ದು ಕ್ರಿ.ಪೂ. 539ರಲ್ಲಿ. (ನಮ್ಮ ಕನ್ನಡ ಬೈಬಲ್ಲಿನಲ್ಲಿ ಈ ದೊರೆಯ ಹೆಸರು ಕೋರೆಷ.) ಎಪ್ಪತ್ತು ವರ್ಷದ ಲೆಕ್ಕ ಎಲ್ಲಿಂದ ಹಿಡೀಬೇಕು ಅನ್ನೋದನ್ನು ಪಂಡಿತರು ಇವತ್ತಿಗೂ ಚರ್ಚಿಸ್ತಾರೆ, ಅದು ಹಾಗಿರಲಿ. ಸೆರೆ ಹೋದಾಗ ನಲವತ್ತು ವರ್ಷ ಆಗಿದ್ದ ಮನುಷ್ಯನ ಲೆಕ್ಕ ಹಾಕಿ ನೋಡಿ. ಬಾಬೆಲ್ ಬೀಳೋ ಹೊತ್ತಿಗೆ ಅವನಿಗೆ ತೊಂಬತ್ತೆಂಟು! ಅಂದ್ರೆ ಆ ಕಾಗದ ಓದಿಸಿಕೊಂಡು ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಆ ಒಳ್ಳೆ ದಿನವನ್ನು ಕಣ್ಣಾರೆ ಕಾಣಲೇ ಇಲ್ಲ. ಅವರಿಗೆ ಸಿಕ್ಕಿದ್ದು ಮನೆ ಕಟ್ಟೋದು, ತೋಟ ಮಾಡೋದು, ಇನ್ನೊಬ್ಬರ ಊರಿನ ಕ್ಷೇಮ ಬಯಸೋದು.

ಇದನ್ನೆಲ್ಲ ಯಾಕೆ ಇಷ್ಟು ಎಳೀತಿದ್ದೀನಿ ಅಂದ್ರೆ, ನಮ್ಮ ಬೈಬಲ್ ಅಧ್ಯಯನದ ಗುಂಪಿನಲ್ಲಿ ಒಬ್ಬರಿದ್ದಾರೆ. ನನಗಿಂತ ಏಳೆಂಟು ವರ್ಷ ದೊಡ್ಡವರು, ಅಣ್ಣ ಅಂತಲೇ ಕರೀತೀನಿ. 2023ರಲ್ಲಿ ಸಾಫ್ಟ್‌ವೇರ್ ಕಂಪನಿಗಳು ಸಾಲುಸಾಲಾಗಿ ಜನರನ್ನ ಮನೆಗೆ ಕಳಿಸಿದ್ವಲ್ಲ, ಆಗ ಇವರ ಕೆಲಸವೂ ಹೋಯ್ತು. ಮನೆ ಸಾಲ, ಸ್ಕೂಲಿಗೆ ಹೋಗೋ ಇಬ್ಬರು ಮಕ್ಕಳು. ಚರ್ಚಿನಲ್ಲಿ ಸಿಕ್ಕವರೆಲ್ಲ ಭುಜ ತಟ್ಟಿ ಇದೇ 11ನೇ ವಚನ ಕೊಟ್ಟರು. ಇನ್ನೊಂದು ತಿಂಗಳಲ್ಲಿ ನೋಡಿ, ಇದಕ್ಕಿಂತ ದೊಡ್ಡ ಕೆಲಸ ಬರುತ್ತೆ, ದೇವರು ಒಂದು ಬಾಗಿಲು ಮುಚ್ಚಿದ್ದು ಅದಕ್ಕೇ ಅಂತೆಲ್ಲ. ಒಂದು ತಿಂಗಳಾಯ್ತು, ಮೂರಾಯ್ತು, ಐದಾಯ್ತು. ಅಣ್ಣ ಚರ್ಚಿಗೆ ಬರೋದು ಬಿಟ್ಟರು. ಒಂದಿನ ಫೋನಿನಲ್ಲಿ ಕೇಳಿದ್ರು, "ದೇವರೇ ಮಾತು ತಪ್ಪಿದನೋ, ನನ್ನ ನಂಬಿಕೇನೇ ಕಮ್ಮಿಯಾಯ್ತೋ? ಎರಡರಲ್ಲಿ ಒಂದು ಇರಲೇಬೇಕಲ್ಲಪ್ಪಾ."

ನೋಡಿ, ಚೀಟಿ ಓದು ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತೆ ಅಂತ. ಇರೋದು ಎರಡೇ ದಾರಿ. ದೇವರು ಸುಳ್ಳ ಅನ್ನಬೇಕು, ಇಲ್ಲಾ ನಾನೇ ಪಾಪಿ ಅನ್ನಬೇಕು. ಭುಜ ತಟ್ಟಿದವರೆಲ್ಲ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಕೊಟ್ಟದ್ದು ಯೆರೆಮೀಯನ ಮಾತಲ್ಲ. ಅದು ಹನನ್ಯನ ಮಾತು.

ಹನನ್ಯ ಯಾರು ಅಂತೀರಾ? ಹಿಂದಿನ ಅಧ್ಯಾಯಕ್ಕೆ ಹೋಗಿ, 28ಕ್ಕೆ. ಅವನೂ ಪ್ರವಾದಿ ಅಂತಲೇ ಹೇಳಿಕೊಂಡವನು. ಯೆರೆಮೀಯ ಕೊರಳಿಗೆ ಮರದ ನೊಗ ಹಾಕ್ಕೊಂಡು ಓಡಾಡ್ತಿದ್ದ, ಬಾಬೆಲಿನ ನೊಗ ಹೊರಲೇಬೇಕು ಅಂತ ತೋರಿಸೋಕೆ. ದೇವಾಲಯದಲ್ಲಿ ಎಲ್ಲರೆದುರಿಗೆ ಹನನ್ಯ ಆ ನೊಗ ಕಿತ್ತು ಮುರಿದು ಹಾಕಿ, ಎರಡೇ ವರ್ಷ, ಎಲ್ಲಾ ಸರಿಹೋಗುತ್ತೆ, ಹೋದವರೆಲ್ಲ ವಾಪಸ್ ಬರ್ತಾರೆ ಅಂದ. ಜನಕ್ಕೆ ಎಷ್ಟು ಖುಷಿಯಾಗಿರಬೇಕು! ಯೆರೆಮೀಯ ಕೂಡ ಮೊದಲು, ಆಮೆನ್, ಹಾಗೇ ಆಗಲಿ ಅಂದ. ಆದರೆ ಅದು ದೇವರ ಮಾತಾಗಿರಲಿಲ್ಲ. ಸುಳ್ಳನ್ನು ನಂಬಿಸಿದೆ ಅಂತ ಹನನ್ಯನಿಗೇ ಕಠಿಣವಾದ ಮಾತು ಬಂತು, ಅದೇ ವರ್ಷ ಅವನು ತೀರಿಕೊಂಡ. ಈ ಕಥೆ ಆದ ಕೂಡಲೇ 29ನೇ ಅಧ್ಯಾಯ ಬರುತ್ತೆ. ಅಂದ್ರೆ ಬೇಗ ಸರಿಹೋಗುತ್ತೆ ಅನ್ನೋ ಸುಲಭದ ಸಮಾಧಾನಕ್ಕೆ ಎದುರಾಗಿ ಬರೆದ ಕಾಗದದಿಂದಲೇ ಒಂದು ಸಾಲು ಕಿತ್ತು, ಅದನ್ನೇ ನಾವು ಸುಲಭದ ಸಮಾಧಾನ ಮಾಡ್ಕೊಂಡಿದ್ದೀವಿ!

ಅಣ್ಣನ ಮನೆಯಲ್ಲೇ ಒಂದು ಶನಿವಾರ ನಾವು ನಾಲ್ಕೈದು ಜನ ಕೂತು 27ರಿಂದ 29ರವರೆಗೆ ಮೂರೂ ಅಧ್ಯಾಯ ಓದಿದ್ವಿ. ವ್ಯಾಖ್ಯಾನ ಇಲ್ಲ, ಪ್ರಸಂಗ ಇಲ್ಲ, ಸುಮ್ಮನೆ ಗಟ್ಟಿಯಾಗಿ ಸರದಿಯ ಮೇಲೆ ಓದಿದ್ದು. ಮುಗಿದ ಮೇಲೆ ಅಣ್ಣ ತುಂಬಾ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಲೇಟಾಗಿದ್ದು ನನ್ನ ತಪ್ಪಿಗಲ್ಲ" ಅಂದರು. ಕೆಲಸ ಸಿಕ್ಕಿದ್ದು ಹನ್ನೊಂದು ತಿಂಗಳ ಮೇಲೆ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ನಮ್ಮಲ್ಲಿ 'ಸಾಕ್ಷಿ ಹೇಳೋದು' ಅಂತ ಒಂದಿದೆ, ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಹೇಳೋದು. ಇದನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಓದಿದ್ದಕ್ಕೆ ಕೆಲಸ ಬಂತು ಅಂತ ನಾನು ಹೇಳ್ತಿಲ್ಲ. ಆ ಮಧ್ಯದ ಆರು ತಿಂಗಳು ಆ ಮನುಷ್ಯ ತನ್ನನ್ನು ತಾನು ಶಪಿಸಿಕೊಳ್ಳದೆ ಇದ್ದರು, ಪಕ್ಕದ ಬೀದಿಯ ಹುಡುಗರಿಗೆ ಗಣಿತ ಹೇಳಿಕೊಟ್ಟರು. ನನಗೆ ಅಷ್ಟು ಸಾಕು.

ಈಗ ಸ್ವಲ್ಪ ನಂಬರಿನ ವಿಷಯ. ಈ ವಚನದ ನಂಬರುಗಳು ಬೈಬಲ್ ಬರೆದವರು ಹಾಕಿದ್ದಲ್ಲ. ಈಗಿನ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಸ್ಟೀಫನ್ ಲ್ಯಾಂಗ್ಟನ್ ಅನ್ನೋ ಇಂಗ್ಲೆಂಡಿನ ಆರ್ಚ್‌ಬಿಷಪ್ ಹೆಸರಿನಲ್ಲಿದೆ. ಹೀಬ್ರೂ ಭಾಗದಲ್ಲಿ ವಾಕ್ಯ ಎಲ್ಲಿ ಮುಗಿಯುತ್ತೆ ಅನ್ನೋ ಗುರುತುಗಳು ಬಹಳ ಹಳೆಯವು, ಆದರೆ ಹೊಸ ಒಡಂಬಡಿಕೆಗೆ ಈಗ ನಾವು ಬಳಸೋ ವಚನದ ನಂಬರು ಬಂದದ್ದು 1551ರಲ್ಲಿ, ರೋಬೇರ್ ಎತಿಯೆನ್ ಅನ್ನೋ ಫ್ರೆಂಚ್ ಮುದ್ರಕನ ಕೈಯಿಂದ. ಹುಡುಕೋಕೆ ಸುಲಭ ಆಗಲಿ ಅಂತ. ನಮ್ಮ ಕೋಡಿನಲ್ಲಿ ಲೈನ್ ನಂಬರ್ ಇರಲ್ವಾ, ಹಾಗೆ. ಎರರ್ ಬಂದಾಗ 11ನೇ ಲೈನ್ ಅಂತ ತೋರಿಸುತ್ತೆ. ಆ ಒಂದೇ ಲೈನ್ ನೋಡಿ, ಮೇಲೆ ಕೆಳಗೆ ಏನಿದೆ ನೋಡದೆ, ಆ ಫಂಕ್ಷನ್ನನ್ನು ಯಾರು ಕರೀತಿದ್ದಾರೆ ನೋಡದೆ ಯಾರಾದ್ರೂ ಕೋಡ್ ತಿದ್ದಿದ್ರೆ ಅವತ್ತಿನ ರಿವ್ಯೂನಲ್ಲಿ ಅವರ ಗತಿ ಏನಾಗುತ್ತೆ ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು :) ಆಫೀಸಿನಲ್ಲಿ ಇಷ್ಟು ಎಚ್ಚರ ಇರೋರು ದೇವರ ವಾಕ್ಯ ಅಂತ ನಂಬೋ ಪುಸ್ತಕದ ಮುಂದೆ ಮಾತ್ರ ಯಾಕೆ ಹೀಗೆ ಅಂತ ನನಗೆ ಆಶ್ಚರ್ಯ.

ಚೀಟಿ ಓದಿನ ಇನ್ನೊಂದು ತೊಂದರೆ ಇದೆ. ಅದು ನಂಬಿಕೆಯನ್ನು ಸೋಮವಾರಕ್ಕೆ ಬರೋಕೆ ಬಿಡಲ್ಲ.

'ನಿನ್ನಂತೆಯೇ ನಿನ್ನ ನೆರೆಯವನನ್ನೂ ಪ್ರೀತಿಸು' ಅನ್ನೋ ಅರ್ಥದ ಮಾತು ನೀವೆಲ್ಲ ಕೇಳಿರ್ತೀರಿ. ಯೇಸು ಹೇಳಿದ್ದು ಅಂತ ಗೊತ್ತಿರುತ್ತೆ. ನಿಜ, ಆದರೆ ಯೇಸು ಅದನ್ನು ತಗೊಂಡದ್ದು ಹಳೆ ಒಡಂಬಡಿಕೆಯ ಯಾಜಕಕಾಂಡದ 19ನೇ ಅಧ್ಯಾಯದಿಂದ. ಬರೀ ಆ ಮಾತು ಕೇಳಿದ್ರೆ ಯಾರಿಗೂ ತಕರಾರಿಲ್ಲ. ಪ್ರೀತಿ ತಾನೆ, ಮನಸ್ಸಿನಲ್ಲಿ ಇಟ್ಕೊಂಡ್ರೆ ಆಯ್ತು. ಅಧ್ಯಾಯ ಪೂರ್ತಿ ಓದಿ. ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡ, ಬಡವರಿಗೂ ಪರದೇಶಿಗೂ ಬಿಡು. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಹತ್ತಿರ ಇಟ್ಕೋಬೇಡ. ಕಿವುಡನನ್ನು ಬಯ್ಯಬೇಡ, ಕುರುಡನ ದಾರಿಗೆ ಅಡ್ಡ ಇಡಬೇಡ. ತೀರ್ಪಿನಲ್ಲಿ ಬಡವನ ಪಕ್ಷವೂ ಬೇಡ, ದೊಡ್ಡ ಮನುಷ್ಯನ ಮುಖ ನೋಡೋದೂ ಬೇಡ. ಚಾಡಿ ಹೇಳ್ಕೊಂಡು ತಿರುಗಬೇಡ. ಊರಿಗೆ ಬಂದ ಪರದೇಶಿಯನ್ನೂ ನಿನ್ನಂತೆಯೇ ಪ್ರೀತಿಸು. ತಕ್ಕಡಿ, ತೂಕ, ಅಳತೆ ಸರಿಯಾಗಿರಲಿ. ಇಷ್ಟರ ಮಧ್ಯೆ ಆ ಪ್ರೀತಿಯ ಮಾತು ಕೂತಿದೆ.

ಈಗ ಅದು ಮನಸ್ಸಿನೊಳಗಿನ ವಿಷಯವಾಗಿ ಉಳೀತಾ? ಮನೆಗೆಲಸದ ಅಕ್ಕನಿಗೆ "ಊರಿಂದ ಬಂದು ಕೊಡ್ತೀವಿ" ಅಂತ ಹೇಳಿ ಸಂಬಳ ಹತ್ತು ದಿನ ಮುಂದೆ ಹಾಕೋದು ಇದರಲ್ಲಿ ಬಂತು. ಸಣ್ಣ ವೆಂಡರ್ ಬಿಲ್ಲನ್ನು "ಪ್ರೊಸೆಸ್‌ನಲ್ಲಿದೆ" ಅಂತ ಮೂರು ತಿಂಗಳು ಎಳೆಯೋದು ಬಂತು. ಆರು ಗಂಟೆ ಕೆಲಸ ಮಾಡಿ ಟೈಮ್‌ಶೀಟಿನಲ್ಲಿ ಒಂಬತ್ತು ತುಂಬೋದು ತಕ್ಕಡಿಯ ಲೆಕ್ಕಕ್ಕೆ ಬಂತು. ಅಪ್ರೈಸಲ್ ಟೈಮಿನಲ್ಲಿ ಕ್ಯಾಂಟೀನಿನಲ್ಲಿ ನಡೆಯೋ ಪಿಸುಮಾತು ಬಂತು. ಬೇರೆ ರಾಜ್ಯದಿಂದ ಬಂದು ನಮ್ಮ ಅಪಾರ್ಟ್‌ಮೆಂಟ್ ಕಟ್ಟಿ, ಕಟ್ಟಿದ ಮೇಲೆ ಗೇಟಿನೊಳಗೆ ಬಿಡಿಸಿಕೊಳ್ಳದ ಕಾರ್ಮಿಕನೂ ಬಂದ. ಇದನ್ನೆಲ್ಲ ಚೀಟಿಯಲ್ಲಿ ಬರೆದು ತಟ್ಟೆಯಲ್ಲಿಟ್ಟರೆ ಯಾರು ಎತ್ತುತ್ತಾರೆ?

ಫಿಲಿಪ್ಪಿಯವರಿಗೆ ಪೌಲ ಬರೆದ ಪತ್ರಕ್ಕೂ ಇದೇ ಗತಿ. ನನಗೆ ಬಲ ಕೊಡೋನಿಂದ ಎಲ್ಲವನ್ನೂ ಮಾಡಬಲ್ಲೆ ಅನ್ನೋ ಅರ್ಥದ ಮಾತು ಜಿಮ್ಮಿನ ಟೀಶರ್ಟಿನ ಮೇಲೂ ಇದೆ. ಬರೆದಾಗ ಪೌಲ ಸೆರೆಮನೆಯಲ್ಲಿದ್ದ. ಅದರ ಹಿಂದಿನ ಸಾಲಿನಲ್ಲಿ ಅವನು ಹೇಳೋದು, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಇದ್ದಾಗಲೂ ಇಲ್ಲದಾಗಲೂ ಇರೋದನ್ನು ಕಲಿತಿದ್ದೀನಿ ಅಂತ. ಗೆಲ್ಲೋ ಬಲದ ಮಾತಲ್ಲ ಅದು, ಇಲ್ಲದಿದ್ರೂ ಇರಬಲ್ಲೆ ಅನ್ನೋ ಬಲ. ಇಎಂಐ ಕಟ್ಟೋ ನಮ್ಮಂಥವರಿಗೆ ಯಾವುದು ಹೆಚ್ಚು ಬೇಕು ನೀವೇ ಹೇಳಿ.

ಇಷ್ಟು ಓದಿದ ಮೇಲೆ ಒಬ್ಬರಾದ್ರೂ ಕೇಳೇ ಕೇಳ್ತೀರಿ, ಓದೋಕೆ ಬರದವರ ಕಥೆ ಏನು? ಒಂದೇ ಒಂದು ವಚನ ಹಿಡ್ಕೊಂಡು ಬದುಕು ಸಾಗಿಸಿದವರಿಲ್ವಾ?

ಇದ್ದಾರೆ. ನಮ್ಮಜ್ಜಿಯೇ ಇದ್ದಳು. ನಮ್ಮೂರು ಗದಗ-ಬೆಟಗೇರಿ. ಅಜ್ಜಿಗೆ ಅಕ್ಷರ ಬರ್ತಿರಲಿಲ್ಲ, ಬಾಯಿಪಾಠ ಇದ್ದ ವಚನ ಮಾತ್ರ ನೂರಾರು. ಆದರೆ ಅವಳ ವಚನ ಚೀಟಿಯ ವಚನ ಆಗಿರಲಿಲ್ಲ. ದಿನಾ ರಾತ್ರಿ ಊಟಕ್ಕೆ ಮುಂಚೆ ತಾತ ಒಂದು ಅಧ್ಯಾಯ ಓದೋರು, ನಿನ್ನೆ ನಿಲ್ಲಿಸಿದ ಕಡೆಯಿಂದ. ಹೆಸರುಗಳ ಪಟ್ಟಿ ಬಂದ್ರೂ ಬಿಡ್ತಿರಲಿಲ್ಲ. ನಲವತ್ತು ವರ್ಷ ಹಾಗೆ ಕೇಳಿದವಳಿಗೆ ಒಂದು ವಚನ ಅಂದ್ರೆ ಕೊಡದ ಕೊರಳಿದ್ದ ಹಾಗೆ. ಅದನ್ನ ಹಿಡಿದು ಎತ್ತಿದ್ರೆ ಇಡೀ ಕೊಡ ಮೇಲೆ ಬರೋದು. ನಮ್ಮ ಕೈಗೆ ಬರ್ತಿರೋದು ಕೊರಳೊಂದೇ.

ಅಜ್ಜಿ ಅಂದ ಕೂಡಲೇ ನೆನಪಾಯ್ತು. ರೂತಳ ಪುಸ್ತಕ ಗೊತ್ತಲ್ಲ? ನಾಲ್ಕೇ ಅಧ್ಯಾಯ, 85 ವಚನ. ಗಂಡ ಸತ್ತ ಮೋವಾಬಿನ ಹೆಣ್ಣುಮಗಳು ರೂತ್, ಅತ್ತೆ ನೊವೊಮಿಯ ಜೊತೆ ಬೇತ್ಲೆಹೇಮಿಗೆ ಬಂದು, ಜವೆಗೋಧಿ ಸುಗ್ಗಿಯಲ್ಲಿ ಬೋವಜ ಅನ್ನೋನ ಹೊಲದಲ್ಲಿ ಹಕ್ಕಲು ಆಯ್ತಾಳೆ. ಇಂಗ್ಲಿಷಿನಲ್ಲಿ ಓದೋ ನನ್ನ ಗೆಳೆಯರಿಗೆ ಈ ಹಕ್ಕಲು ಏನು ಅಂತ ಚಿತ್ರಾನೇ ಬರಲ್ಲ, ಡಿಕ್ಷನರಿ ನೋಡ್ತಾರೆ. ಅಜ್ಜಿ ಹೇಳ್ತಿದ್ದಳು, "ನಾನೂ ಸಣ್ಣಾಕಿ ಇದ್ದಾಗ ಹಕ್ಕಲ ಆಯಾಕ ಹೋಗ್ತಿದ್ನೆಪಾ. ಹೊಲದಾಕಿ ಭಾಳ ಚೊಲೋ ಹೆಣ್ಮಗಳು. ನೋಡಿ ನೋಡದಂಗ ಒಂದೀಟು ತೆನಿ ಬಿಟ್ಟು ಹೋಗಾಕಿ." ಬೋವಜ ತನ್ನ ಆಳುಗಳಿಗೆ ಹೇಳಿದ್ದೂ ಅದನ್ನೇ, ಸಿವುಡಿನಿಂದ ಒಂದಷ್ಟು ಬೇಕಂತಲೇ ಎಳೆದು ಬಿಡಿ, ಅವಳನ್ನು ಗದರಿಸಬೇಡಿ ಅಂತ. ಯಾಜಕಕಾಂಡದ 19ನೇ ಅಧ್ಯಾಯದ ಆ ಹೊಲದಂಚಿನ ಕಾನೂನು ಒಬ್ಬ ಪರದೇಶಿ ವಿಧವೆಯ ಹೊಟ್ಟೆ ತುಂಬಿಸಿದ್ದು ಹೀಗೆ. ಎರಡನ್ನೂ ಪೂರ್ತಿ ಓದಿದವರಿಗೆ ಮಾತ್ರ ಈ ಗಂಟು ಕಾಣುತ್ತೆ.

ಅದಕ್ಕೇ ಕನ್ನಡದಲ್ಲಿ ಓದಿ ಅಂತ ನಾನು ನಮ್ಮ ಹುಡುಗರ ಹತ್ತಿರ ಜಗಳ ಆಡೋದು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ವರ್ಷಾನುಗಟ್ಟಲೆ ದುಡಿಮೆಯಿಂದ 1831ರ ಹೊತ್ತಿಗೇ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಆಮೇಲೆ ಎಷ್ಟೋ ಸಲ ತಿದ್ದುಪಡಿ ಆಗಿದೆ. ಭಾಷೆ ಸ್ವಲ್ಪ ಹಳೇದು, 'ಹೇಳಿದ್ದೇನಂದರೆ' ಅಂತ ಶುರುವಾಗೋ ಸಾಲುಗಳಿಗೆ ನಮ್ಮ ಗುಂಪಿನಲ್ಲಿ ನಗ್ತೀವಿ ಕೂಡ. ಆದರೆ ಹಕ್ಕಲು, ಸಿವುಡು, ಕಣ, ನೊಗ ಇವೆಲ್ಲ ನಮ್ಮ ಹೊಲದ ಮಾತುಗಳು. ಪ್ರಾರ್ಥನೆ ಇಂಗ್ಲಿಷಿನಲ್ಲಿ, ಬದುಕು ಕನ್ನಡದಲ್ಲಿ ಅಂತಾದ್ರೆ ಎರಡರ ನಡುವೆ ಬಿರುಕು ಬರದೆ ಇರುತ್ತಾ?

ಟೈಮ್ ಎಲ್ಲಿದೆ ಅನ್ನೋರಿಗೆ ಲೆಕ್ಕ ಹೇಳ್ತೀನಿ. ಫಿಲಿಪ್ಪಿ ಪತ್ರ 104 ವಚನ, ಗಟ್ಟಿಯಾಗಿ ಓದಿದ್ರೂ ಹದಿನೈದಿಪ್ಪತ್ತು ನಿಮಿಷ. ಯೋನನ ಪುಸ್ತಕ 48 ವಚನ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೇ ಮುಗಿಯುತ್ತೆ :) ಫಿಲೆಮೋನನಿಗೆ ಬರೆದ ಪತ್ರ 25 ವಚನ, ಒಂದು ಆಫೀಸ್ ಮೇಲ್‌ನಷ್ಟು. ನಾವು ಮಾಡೋದು ಇಷ್ಟೇ. ಎರಡು ವಾರಕ್ಕೊಂದು ಶನಿವಾರ, ಒಂದು ಚಿಕ್ಕ ಪುಸ್ತಕ ಪೂರ್ತಿ, ಇಲ್ಲಾ ದೊಡ್ಡ ಪುಸ್ತಕದ ಒಂದು ಭಾಗ. ಓದಿದ ಮೇಲೆ ಎರಡೇ ಪ್ರಶ್ನೆ. ಇದನ್ನು ಮೊದಲು ಕೇಳಿಸ್ಕೊಂಡವರು ಯಾವ ಸ್ಥಿತಿಯಲ್ಲಿದ್ರು? ಸೋಮವಾರ ಬೆಳಿಗ್ಗೆ ನಮ್ಮಲ್ಲಿ ಯಾರಿಗೆ ಇದು ತೊಂದರೆ ಕೊಡುತ್ತೆ? ಎರಡನೇ ಪ್ರಶ್ನೆಗೆ ಉತ್ತರ ಬರೋಕೆ ಹೆಚ್ಚು ಹೊತ್ತು ಹಿಡಿಯುತ್ತೆ. ಆಮೇಲೆ ಚಹಾ, ಚುರುಮುರಿ.

ಇದು ಬರೀ ಕ್ರೈಸ್ತರ ಕಾಯಿಲೆ ಅಂತ ನನಗೆ ಅನ್ನಿಸಲ್ಲ. ಗೀತೆಯ ಒಂದು ಶ್ಲೋಕ ಆಫೀಸಿನ ಮೋಟಿವೇಷನ್ ಪೋಸ್ಟರ್ ಆಗಿದೆ. ಕಗ್ಗದ ಒಂದು ಪದ್ಯ, ಶರಣರ ಒಂದು ವಚನ ಬೆಳಗಾದ್ರೆ ಹೂವಿನ ಚಿತ್ರದ ಜೊತೆ ಫಾರ್ವರ್ಡ್ ಆಗುತ್ತೆ. ಕುಮಾರವ್ಯಾಸನ ಊರಿನವನಾಗಿ ಹೇಳ್ತೀನಿ, ನಮ್ಮ ಹಿರಿಯರು ಭಾರತವನ್ನು ಹೀಗೆ ತುಣುಕಿನಲ್ಲಿ ಕೇಳಿದವರಲ್ಲ. ಗಮಕಿಗಳು ವಾರಗಟ್ಟಲೆ ವಾಚಿಸೋರು, ಊರು ಕೂತು ಕೇಳೋದು, ಕರ್ಣ ಸಾಯೋ ದಿನ ಅಳೋದು. ಇಡೀ ಕಥೆ ಕೇಳಿದವರಿಗಷ್ಟೇ ಆ ಅಳು ಬರೋಕೆ ಸಾಧ್ಯ.

ನಿಮ್ಮ ಮನೆಯಲ್ಲಿ, ನಿಮ್ಮ ಮಠದಲ್ಲಿ, ನಿಮ್ಮ ಮಸೀದಿಯಲ್ಲಿ ಇದು ಹೇಗಿದೆ? ಪೂರ್ತಿ ಓದೋ ರೂಢಿ ಇನ್ನೂ ಉಳಿದಿದೆಯಾ? ಉಳಿದಿದ್ರೆ ಹೇಗೆ ಉಳಿಸ್ಕೊಂಡ್ರಿ? ಬಿಡುವಾದಾಗ ಬರೀರಿ. ಮುಂದಿನ ಶನಿವಾರ ನಮ್ಮದು ಆಮೋಸನ ಪುಸ್ತಕ. ಅವನು ತೆಕೋವದ ಕುರಿ ಕಾಯೋನು. ಸಬ್ಬತ್ ಯಾವಾಗ ಮುಗಿಯುತ್ತೆ, ಅಂಗಡಿ ಯಾವಾಗ ತೆಗೆದು ಸುಳ್ಳು ತಕ್ಕಡಿಯಲ್ಲಿ ತೂಗೋಣ ಅಂತ ಕಾಯ್ತಿದ್ದ ವ್ಯಾಪಾರಿಗಳನ್ನು ಚೆನ್ನಾಗಿ ಝಾಡಿಸ್ತಾನೆ. ಭಾನುವಾರ ಆರಾಧನೆಯಲ್ಲಿ ಕೂತು ಸೋಮವಾರದ ರಿಲೀಸ್ ಬಗ್ಗೆ ಯೋಚಿಸೋ ನಮ್ಮ ಗುಂಪಿನವರು ಅದನ್ನು ಹೇಗೆ ತಡ್ಕೋತಾರೋ ನೋಡಬೇಕು.